ಹತ್ತಕ್ಕೆ ಎಷ್ಟು

"ಬರ್ಕೊಳ್ಳಿ, ಹತ್ತಕ್ಕೆ ಹತ್ತು!" ಎಂದ ಮೈಕಿನವ. ಸೋಪಿನಕ್ಕ ಇನ್ನೂ ಪ್ರಶ್ನೆಯನ್ನೇ ಪೂರ್ತಿ ಓದಿರಲಿಲ್ಲ.

"ನಿಮ್ಮನ್ನ ಕೇಳಿಲ್ಲಪ್ಪ ನಾನು. ನಿಮ್ಮ ತಾಯಿನ ಕೇಳ್ತಿದ್ದೀನಿ."

"ನಮ್ಮಮ್ಮ ಬೇರೆ, ನಾನು ಬೇರೆನಾ? ಅವರ ಬಾಯಿ ನಾನೇ ಅಂತ ತಿಳ್ಕೊಳ್ಳಿ."

ಅವನು ಮಾತಾಡುವುದೇ ಹಾಗೆ, ಎದುರಿಗೆ ಮೈಕು ಇದೆಯೇನೋ ಎಂಬಂತೆ. ಸಭೆಗಳಿಗೆ ಮೈಕು, ಧ್ವನಿವರ್ಧಕ ಕಟ್ಟುವುದು ಅವನ ಕಸುಬು. ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಲೆಯಲ್ಲಿ ಒಂದರ ಬಾಯೊಳಗೆ ಒಂದು ತುರುಕಿದ ಧ್ವನಿವರ್ಧಕಗಳು, ಮಂಚದ ಕೆಳಗೆ ವೈರಿನ ಸುರುಳಿಗಳು. ಗೋಡೆಯ ಮೇಲೆ ಕಿಟಕಿಯಷ್ಟು ದೊಡ್ಡ ಚೌಕಟ್ಟಿನಲ್ಲಿ ನಾಯಕರು ನಗುತ್ತಿದ್ದರು. ಅದರ ಕೆಳಗೆ ಕುರ್ಚಿಯಲ್ಲಿ ತಾಯಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ತನಗೂ ಈ ಮಾತಿಗೂ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದಳು.

ಸೋಪಿನಕ್ಕನಿಗೆ ಮೊಣಕಾಲು ನೋಯುತ್ತಿತ್ತು. ಬೆಳಗಿನಿಂದ ಇದು ಹದಿನಾಲ್ಕನೆಯ ಮನೆ. ಹತ್ತೊಂಬತ್ತು ವರ್ಷದ ಹಿಂದೆ ಮೊದಲ ಸಲ ಮನೆ ಮನೆ ತಿರುಗಿದಾಗ ಅವಳು ಕೇಳುತ್ತಿದ್ದದ್ದು ಯಾವ ಸೋಪು ಹಚ್ಚುತ್ತೀರಿ ಎಂದು. ಆ ಹೆಸರು ಅಂಟಿಕೊಂಡಿತು. ಆಮೇಲೆ ಹಲ್ಲುಪುಡಿ ಬಂತು, ಟೀವಿ ಬಂತು, ಈಗ ನಾಯಕರು. ವರ್ಷಕ್ಕೆ ಎರಡು ಸಲ, ಜನ ಅವರನ್ನು ಎಷ್ಟು ಮೆಚ್ಚುತ್ತಾರೆ ಎಂದು ಅಳೆದು ತರಬೇಕು. ಸೋಪಿನ ವಿಷಯದಲ್ಲಾದರೆ ಜನ ಅಷ್ಟೋ ಇಷ್ಟೋ ನಿಜ ಹೇಳುತ್ತಿದ್ದರು. ನಾಯಕರ ವಿಷಯ ಎತ್ತಿದರೆ ಮೊದಲು ಇವಳ ಚೀಲ ನೋಡುತ್ತಿದ್ದರು, ಆಮೇಲೆ ಬೀದಿಯ ಎರಡೂ ಕಡೆ ನೋಡುತ್ತಿದ್ದರು, ಆಮೇಲೆ "ಒಳ್ಳೆಯವರೇ ಬಿಡಿ" ಎನ್ನುತ್ತಿದ್ದರು. ಅದಕ್ಕೇ ಸಮೀಕ್ಷೆಯ ಆಫೀಸಿನವರು ಬೀಗ ಹಾಕಿದ ತಗಡಿನ ಡಬ್ಬಿಯೊಂದನ್ನು ಕೊಟ್ಟರು. ರಸ್ತೆ, ನೀರು, ಆಸ್ಪತ್ರೆಯ ಪ್ರಶ್ನೆಗಳೆಲ್ಲ ಬಾಯಿಮಾತಿನಲ್ಲಿ. ಕೊನೆಯ ಪ್ರಶ್ನೆಗೆ ಮಾತ್ರ ಚೀಟಿ. ಸೊನ್ನೆಯಿಂದ ಹತ್ತರವರೆಗೆ ಚೌಕಗಳು. ಒಂದಕ್ಕೆ ಗುರುತು ಹಾಕಿ, ಮಡಚಿ, ಡಬ್ಬಿಯ ಸೀಳಿನಲ್ಲಿ ಹಾಕಬೇಕು.

ಯಾರನ್ನು ಕೇಳಬೇಕೆಂಬುದೂ ಇವಳ ಇಷ್ಟವಲ್ಲ. ಐದು ಮನೆ ಬಿಟ್ಟು ಆರನೆಯ ಮನೆ. ಅಲ್ಲಿ ಯಾರ ಹುಟ್ಟಿದ ದಿನ ಎಲ್ಲರಿಗಿಂತ ಮೊದಲು ಬರುತ್ತದೋ ಅವರು. ಈ ಮನೆಯಲ್ಲಿ ಅದು ತಾಯಿಯದಾಗಿತ್ತು.

"ಹುಟ್ಟಿದ ದಿನ ಅನ್ನೋದೊಂದು ಕೇಡು ನನಗೆ," ಎಂದಿದ್ದಳು ಆಕೆ. "ಮಿಲ್ಲಿಗೆ ಸೇರಿಸ್ಕೊಳ್ಳೋವಾಗ ಗುಮಾಸ್ತ ಅವನ ಮಗಳದ್ದೇ ಬರೆದುಬಿಟ್ಟ."

ಮೈಕಿನವನ ಫೋನು ಬಡಿದುಕೊಂಡಿತು. ನಾಡಿದ್ದು ನಾಯಕರ ಸಭೆ. ಎಷ್ಟು ಕಂಬ, ಎಷ್ಟು ವೈರು ಎಂದು ಯಾರೋ ಕೇಳುತ್ತಿದ್ದರು. ಅವನು ಕಿರುಚುತ್ತ ಬೀದಿಗಿಳಿದ.

ಮುದುಕಿ ಬಾಗಿಲ ಕಡೆ ಒಮ್ಮೆ ನೋಡಿ ಕೈ ಚಾಚಿದಳು. "ಕೊಡಮ್ಮ ಅದನ್ನ."

ಸೋಪಿನಕ್ಕ ಚೀಟಿಯನ್ನೂ ನೇರಳೆ ಬಣ್ಣದ ಸ್ಕೆಚ್ ಪೆನ್ನನ್ನೂ ಕೊಟ್ಟಳು.

"ಇದು ಯಾರಿಗೂ ಗೊತ್ತಾಗಲ್ವಾ?"

"ಇಲ್ಲಮ್ಮ. ಹೆಸರು ಎಲ್ಲೂ ಬರಲ್ಲ."

"ನಿಜವಾಗ್ಲೂ?"

ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಿದ್ದರು. ಎರಡನೆಯದನ್ನು ಇಷ್ಟು ವರ್ಷದಲ್ಲಿ ಹೀಗೆ ಮುಖ ನೋಡಿ ಯಾರೂ ಕೇಳಿರಲಿಲ್ಲ. ಚೀಟಿಯ ಹಿಂದೆ, ಮೂಲೆಯಲ್ಲಿ, ಎಳ್ಳಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ನಂಬರಿತ್ತು. ಅದೇ ನಂಬರು ಇವಳು ಮನೆಯವರ ವಿವರ ಬರೆದುಕೊಳ್ಳುವ ಫಾರಮ್ಮಿನ ಮೇಲೂ ಇತ್ತು. ಹೆಂಗಸರು ಎಷ್ಟು ಅಂಕ ಕೊಟ್ಟರು, ವಯಸ್ಸಾದವರು ಎಷ್ಟು ಕೊಟ್ಟರು ಎಂದು ತಾಳೆ ನೋಡಲು ಬೇಕು ಎಂದಿದ್ದರು ಆಫೀಸಿನಲ್ಲಿ. ಯಾರಿಗೆ ಕಾಣುತ್ತೆ ಬಿಡಿ ಎಂದೂ ಹೇಳಿದ್ದರು.

"ನಿಜವಾಗ್ಲೂ," ಎಂದಳು ಸೋಪಿನಕ್ಕ.

ಮುದುಕಿ ದನಿ ತಗ್ಗಿಸಿದಳು. "ಇಪ್ಪತ್ತೆರಡು ವರ್ಷ ನೂಲು ತೆಗೆದಿದ್ದೀನಿ. ಈ ನಾಯಕ ಬಂದ, ಮಿಲ್ಲಿಗೆ ಬೀಗ ಹಾಕಿಸ್ದ. ಹೋದ ವರ್ಷ ಮಗನ ಪಕ್ಷದ ಆಫೀಸಿನೋರು ಮನೆಗೆ ಬಂದಾಗ ಇದೇ ಮಾತು ಅಂದುಬಿಟ್ಟೆ. ಮೂರು ತಿಂಗಳು ಮಗ ನನ್ನ ಹತ್ರ ಮಾತು ಬಿಟ್ಟ. ಮೊಮ್ಮಗಳನ್ನೂ ನನ್ನ ಹತ್ರ ಸುಳಿಯಕ್ಕೆ ಬಿಡಲಿಲ್ಲ. ಅದೇ ಮನೇಲಿ ಇದ್ಕೊಂಡು, ಕೂಸು ಆ ಕಡೆ ನಾನು ಈ ಕಡೆ. ಇನ್ನೊಂದು ಸಲ ಅದು ನನ್ನ ಕೈಲಾಗಲ್ಲಮ್ಮ."

ಹೇಳಿದವಳೇ ಚೀಟಿಯನ್ನು ತೊಡೆಯ ಮೇಲಿಟ್ಟು, ಎಡತುದಿಯ ಸೊನ್ನೆಯ ಮೇಲೆ ಪೆನ್ನು ಊರಿ ಗೀಚಿದಳು. ಒಂದು ಸಲ ಅಲ್ಲ, ಮೂರು ನಾಲ್ಕು ಸಲ. ಮಡಚಿ ಡಬ್ಬಿಗೆ ಹಾಕಿದಾಗ ಅವಳ ಮುಖದಲ್ಲಿ ಊಟ ಮುಗಿಸಿ ಕೈ ತೊಳೆದವಳ ನೆಮ್ಮದಿ ಇತ್ತು.

ಬೀದಿಯ ಕೊನೆಯ ಟೀ ಅಂಗಡಿಯಲ್ಲಿ ಮೇಲ್ವಿಚಾರಕ ಕಾಯುತ್ತಿದ್ದ. ಹಿಂದೆ ಸ್ಕೂಲು ಮೇಷ್ಟ್ರಾಗಿದ್ದವನು, ಹೊಟ್ಟೆಯ ಹುಣ್ಣಿನವನು, ಟೀ ಅಂಗಡಿಯಲ್ಲಿ ಕೂತು ಬರೀ ನೀರು ಕುಡಿಯುವವನು. ಡಬ್ಬಿಯ ಬೀಗದ ಕೈ ಇರುತ್ತಿದ್ದದ್ದು ಅವನ ಹತ್ತಿರ. ಸೋಪಿನಕ್ಕ ಡಬ್ಬಿಯನ್ನೂ ಫಾರಂಗಳನ್ನೂ ಮೇಜಿನ ಮೇಲಿಟ್ಟು, ಕಾಲು ಚಾಚಿ, ಟೀ ಬಾಯಿಗಿಡುವಷ್ಟರಲ್ಲಿ ಮೈಕಿನವ ಬಂದು ಎದುರಿಗೆ ಕೂತ.

"ಅಕ್ಕ, ಒಂದು ಸಣ್ಣ ಕೆಲಸ," ಎಂದ. ದನಿ ಇಳಿಸಲು ಪ್ರಯತ್ನಪಟ್ಟರೂ ಅಂಗಡಿಗೆಲ್ಲ ಕೇಳುತ್ತಿತ್ತು. "ನಮ್ಮಮ್ಮನಿಗೆ ಕಣ್ಣು ಸರಿಯಾಗಿ ಕಾಣಲ್ಲ. ಎಲ್ಲೋ ತಪ್ಪು ಗುರುತು ಹಾಕಿರ್ತಾರೆ. ಒಂಚೂರು ತೆಗೆದು ನೋಡಿ, ತಿದ್ಕೊಂಡು ಬಿಡೋಣ."

"ಯಾರದು ಯಾವುದು ಅಂತ ಹೆಂಗೆ ಗೊತ್ತಾಗುತ್ತಪ್ಪ?"

"ಹಿಂದೆ ನಂಬರಿದೆಯಂತಲ್ಲ. ನಮ್ಮ ಪಕ್ಷದ ಆಫೀಸಿನಲ್ಲಿ ಹೇಳಿದ್ರು."

ಸೋಪಿನಕ್ಕ ಮೇಲ್ವಿಚಾರಕನ ಮುಖ ನೋಡಿದಳು. ಅವನು ನೀರಿನ ಲೋಟ ನೋಡಿದ.

"ಡಬ್ಬಿ ಆಫೀಸಿನಲ್ಲೇ ತೆಗೀಬೇಕು ಅಂತ ನನಗೆ ಪಾಠ ಹೇಳಿದೋರು ನೀವೇ ಅಲ್ವಾ ಸಾರ್?"

"ಕಾಯಿದೆ ಮಾಡಿದೋರು ಈ ಬೀದೀಲಿ ತಿರುಗಲ್ಲಕ್ಕ," ಎಂದ ಮೇಲ್ವಿಚಾರಕ ದಣಿದ ದನಿಯಲ್ಲಿ. "ಇನ್ನೂ ಮೂರು ಬೀದಿ ಬಾಕಿ ಇದೆ. ನಾಳೆ ಇವರ ಕಡೆಯೋರು ಬಂದು ಅಡ್ಡ ನಿಂತ್ರೆ ನೀವು ತಡೀತೀರಾ? ಒಂದು ಚೀಟಿ ತಾನೇ. ತೋರಿಸಿ ಕಳಿಸೋಣ."

"ಮರ್ಯಾದಸ್ಥರ ಥರ ಮಾತಾಡಿ ಸಾರ್, ಒಂದು ಚೀಟಿ ತಾನೇ ಅಂದ್ರೆ ಏನು?"

"ಅಕ್ಕ, ಬಿಸಿಯಾಗ್ಬೇಡಿ," ಎಂದು ಮೈಕಿನವ ಕೈ ಮುಗಿದ. ನಾಟಕವಾಗಿರಲಿಲ್ಲ ಅದು. ಹಣೆಯಲ್ಲಿ ಬೆವರಿತ್ತು. "ನಾನೇನು ರೌಡಿ ಅಲ್ಲ. ನಾಡಿದ್ದಿನ ಸಭೆಗೆ ನನ್ನದೇ ಮೈಕು. ಮೈಕು ಕಟ್ಟೋನ ಮನೆಯಿಂದಲೇ ಕಮ್ಮಿ ಅಂಕ ಬಂತು ಅಂತ ನಾಳೆ ಯಾರಾದ್ರೂ ಚುಚ್ಚಿದ್ರೆ, ಮುಂದಿನ ಸಭೆಗೆ ಬೇರೆಯವನು ಬರ್ತಾನೆ. ನಮ್ಮಮ್ಮ ನಮ್ಮ ಪರ ಇದ್ದಾರೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು. ಆಮೇಲೆ ಮನೇಲಿ ನಾನು ನೋಡ್ಕೋತೀನಿ."

ಕೊನೆಯ ಮಾತು ಕೇಳಿ ಸೋಪಿನಕ್ಕ ಟೀ ಕೆಳಗಿಟ್ಟಳು.

ಮೇಲ್ವಿಚಾರಕ ಬೀಗ ತೆಗೆದ. ಹದಿನಾಲ್ಕು ಚೀಟಿಗಳು ಡಬ್ಬಿಯ ತಳದಲ್ಲಿ ಬಿದ್ದಿದ್ದವು. ಅವನು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಒಂದೊಂದನ್ನೇ ಮಗುಚಿ ನಂಬರು ಹುಡುಕತೊಡಗಿದ. ಹುಡುಕುವ ಅಗತ್ಯವೇ ಇರಲಿಲ್ಲ. ಒಂದು ಚೀಟಿಯಲ್ಲಿ ನೇರಳೆ ಬಣ್ಣ ಹಿಂಬದಿಗೂ ಇಳಿದಿತ್ತು; ಅಷ್ಟು ಒತ್ತಿ ಗೀಚಿದ್ದಳು ಮುದುಕಿ. ಅವನ ಬೆರಳು ಅದರಿಂದ ಎರಡು ಚೀಟಿ ಈಚೆಗಿತ್ತು.

ಬೈಯಬೇಕೆಂದು ಸೋಪಿನಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಡಬ್ಬಿ ಕಸಿದುಕೊಂಡು ಎದ್ದು ಹೋಗುವುದೂ ಅವಳಿಗೆ ಕಷ್ಟವಿರಲಿಲ್ಲ. ಹಾಗೆ ಮಾಡಿದರೆ ಚೀಟಿಯಲ್ಲಿ ಏನಿದೆಯೆಂದು ಡಂಗುರ ಸಾರಿದಂತೆ. ಅವಳು ನೀರಿನ ಜಗ್ಗಿಗೆ ಕೈ ಚಾಚಿದಳು. ಎತ್ತಿದಳು. ಜಗ್ಗು ಡಬ್ಬಿಯ ಮೇಲೆ ಬಂದಾಗ ಮಣಿಕಟ್ಟನ್ನು ಸಡಿಲ ಬಿಟ್ಟಳು.

"ಅಯ್ಯಯ್ಯೋ!"

ಕಿರುಚಿದವಳೂ ಅವಳೇ, ಡಬ್ಬಿಗೆ ಎರಡೂ ಕೈ ಹಾಕಿದವಳೂ ಅವಳೇ. ಒರೆಸುವ ನೆಪದಲ್ಲಿ ಚೀಟಿಗಳನ್ನು ಒಂದಕ್ಕೊಂದು ತಿಕ್ಕಿದಳು. ಸ್ಕೆಚ್ ಪೆನ್ನಿನ ಬಣ್ಣ ನೀರು ಕಂಡದ್ದೇ ತಡ, ಹರಿದುಹೋಯಿತು. ಅವಳ ಅಂಗೈಯೆಲ್ಲ ನೇರಳೆಯಾಯಿತು. ಹದಿನಾಲ್ಕು ಮನೆಯ ಅಭಿಪ್ರಾಯ ಒಂದೇ ಮುದ್ದೆಯಾಗಿ ಡಬ್ಬಿಯ ಮೂಲೆ ಸೇರಿತು.

"ಬುದ್ಧಿ ಇದೆಯೇನ್ರೀ ನಿಮಗೆ?" ಮೇಲ್ವಿಚಾರಕ ಎದ್ದು ನಿಂತ. ಫಾರಂಗಳನ್ನು ಎದೆಗವಚಿಕೊಂಡಿದ್ದ. "ಹತ್ತೊಂಬತ್ತು ವರ್ಷ ಮಾಡಿದ್ದೀರ, ಒಂದು ಜಗ್ಗು ಹಿಡಿಯಕ್ಕೆ ಬರಲ್ವಾ? ಆಫೀಸಿಗೆ ನಾನೇನು ಹೇಳ್ಲಿ?"

ಅವಳ ಕೆಲಸದಲ್ಲಿ ಒಂದು ಫಾರಮ್ಮೂ ಇದುವರೆಗೆ ವಾಪಸು ಬಂದಿರಲಿಲ್ಲ. ಅದನ್ನು ನೆನಪಿಸಬೇಕೆಂದುಕೊಂಡಳು.

"ಕೈ ನಡುಗಿತು ಸಾರ್. ವಯಸ್ಸಾಯ್ತು," ಎಂದಳು.

"ವಯಸ್ಸಾದ್ರೆ ಮನೇಲಿರಿ. ನಾಳೆ ಹದಿನಾಲ್ಕು ಮನೆಗೂ ಮತ್ತೆ ಹೋಗಿ ಬನ್ನಿ. ನಿಮ್ಮ ಹೆಸರಿನ ಮುಂದೆ ಈ ತಪ್ಪನ್ನ ನಾನು ಬರೆಯಲೇಬೇಕು, ಬೇಜಾರು ಮಾಡ್ಕೋಬೇಡಿ."

"ಬಿಡಿ ಸಾರ್, ಪಾಪ. ನಮ್ಮಮ್ಮನೂ ಹಿಂಗೇ, ದಿನಕ್ಕೊಂದು ಲೋಟ ಬೀಳಿಸ್ತಾರೆ," ಎಂದು ಮೈಕಿನವ ನಕ್ಕ. ಅವನಿಗೆ ಏನೂ ಹೊಳೆದಿರಲಿಲ್ಲ. ಹೋಗುವ ಮೊದಲು ತಿರುಗಿ ನಿಂತ. "ನಮ್ಮನೆಗೆ ಬೆಳಿಗ್ಗೆ ಬೇಗ ಬನ್ನಿ ಅಕ್ಕ. ನಾನು ಮನೇಲೇ ಇರ್ತೀನಿ."

ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಾಗ ಗಂಡ ಎಂದಿನಂತೆ ಕೇಳಿದ. "ಏನು, ಇವತ್ತು ಗೆದ್ದನಾ ಸೋತನಾ ನಿನ್ನ ನಾಯಕ?"

"ನನ್ನ ಕಾಲು ಸೋತಿದೆ. ಸುಮ್ನೆ ಹೋಗಿ ಮಲ್ಕೊಳ್ಳಿ," ಎಂದು ರೇಗಿದಳು. ಸೋಪು ಹಚ್ಚಿ ಎರಡು ಸಲ ತೊಳೆದರೂ ಕೈಯ ಬಣ್ಣ ಹೋಗಿರಲಿಲ್ಲ.

ಮರುದಿನ ಬೀದಿಯಲ್ಲಿ ಸುದ್ದಿ ಇವಳಿಗಿಂತ ಮೊದಲೇ ಹೋಗಿತ್ತು. ದರ್ಜಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಏನಕ್ಕ, ನಿನ್ನೆ ಕೊಟ್ಟ ಅಂಕ ಸಾಲಲಿಲ್ವಾ ಅವರಿಗೆ?" ಎಂದ. ನಗುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಮೈಕಿನವನ ಮನೆಯ ಮೂರು ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದಳು.

ಅವನು ಹಜಾರದ ನಡುವೆ ಕೂತು ವೈರು ಸುತ್ತುತ್ತಿದ್ದ. ತಾಯಿ ಅದೇ ಕುರ್ಚಿಯಲ್ಲಿ. ಸೋಪಿನಕ್ಕನನ್ನು ನೋಡಿದಳು. ಆಮೇಲೆ ಅವಳ ಅಂಗೈ ನೋಡಿದಳು.

"ನಿನ್ನೆ ಡಬ್ಬಿ ತೆಗೆದಿರಂತೆ," ಎಂದಳು.

"ನೀರು ಚೆಲ್ಲಿಬಿಡ್ತಮ್ಮ."

"ಹೂಂ, ಮಗ ಹೇಳ್ದ. ನೀರು ಚೆಲ್ಲೋದಕ್ಕೆ ಮುಂಚೆ ತೆಗೆದಿದ್ರಂತೆ. ಹಿಂದೆ ನಂಬರು ಇತ್ತಂತೆ."

ಸೋಪಿನಕ್ಕ ಹೇಳಬೇಕಾದದ್ದೆಲ್ಲ ಮೈಕಿನವ ಕೇಳಬಾರದಂಥದ್ದಾಗಿತ್ತು. ಅವನು ಒಂದು ಮಾರು ದೂರದಲ್ಲಿ ಮೊಣಕೈಗೆ ವೈರು ಸುತ್ತಿಕೊಳ್ಳುತ್ತ ಕಿವಿಯೆಲ್ಲ ಇತ್ತ ಇಟ್ಟಿದ್ದ. ಅವಳು ಹೊಸ ಚೀಟಿಯನ್ನು ಮುಂದೆ ಹಿಡಿದಳು. ಮುದುಕಿ ಅದನ್ನು ಮುಟ್ಟಲಿಲ್ಲ.

"ಅದ್ಯಾಕೆ ದಂಡ. ಬಾಯಲ್ಲೇ ಹೇಳ್ತೀನಿ, ನೀನೇ ಬರ್ಕೋ. ಎಷ್ಟರವರೆಗಿದೆ ಅದು?"

"ಹತ್ತು."

"ಹತ್ತಕ್ಕಿಂತ ಜಾಸ್ತಿ ಇಲ್ವಾ?"

ಮೈಕಿನವ ತಲೆ ಹಿಂದೆ ಚೆಲ್ಲಿ ನಕ್ಕ. "ನೋಡಿದ್ರಾ ಅಕ್ಕ? ನಾನು ಹೇಳಲಿಲ್ವಾ?"

"ಇಲ್ಲಮ್ಮ," ಎಂದಳು ಸೋಪಿನಕ್ಕ.

"ಇಲ್ದಿದ್ರೆ ಹತ್ತೇ ಬರ್ಕೋ."

ಸೋಪಿನಕ್ಕ ಬಲತುದಿಯ ಚೌಕಕ್ಕೆ ಗುರುತು ಹಾಕಿದಳು. ತಾನೇ ಮಡಚಿ ಡಬ್ಬಿಗೆ ಹಾಕಿದಳು. ಅಷ್ಟು ಹೊತ್ತೂ ಮುದುಕಿ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತೂಕದಲ್ಲಿ ಮೋಸ ಮಾಡಿದ ಅಂಗಡಿಯವನನ್ನು ಎರಡನೆಯ ಸಲ ನೋಡುವವರು ಹಾಗೆ ನೋಡುತ್ತಾರೆ.

"ಪುಟ್ಟೀ, ಸ್ಕೂಲಿಗೆ ಹೊತ್ತಾಯ್ತು, ಅಜ್ಜಿ ಹತ್ರ ಜಡೆ ಹಾಕಿಸ್ಕೋ ಹೋಗು!" ಎಂದು ಮೈಕಿನವ ಒಳಗೆ ಕೂಗಿದ.

ಏಳೆಂಟು ವರ್ಷದ ಹುಡುಗಿ ಬಾಚಣಿಗೆ ಹಿಡಿದು ಓಡಿಬಂದು, ಅಜ್ಜಿಯ ಕಾಲುಗಳ ನಡುವೆ ನೆಲದ ಮೇಲೆ ಕೂತಳು. ಸೋಪಿನಕ್ಕ ಫಾರಂ ಮಡಚಿ ಚೀಲಕ್ಕೆ ತುರುಕಿ, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ ನಿಂತಳು. ನಡುವೆ ಒಂದು ಸಲ ಹಿಂತಿರುಗಿ ನೋಡಿ, "ಬರ್ತೀನಮ್ಮ," ಎಂದಳು.

ಮುದುಕಿ ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಅವಳ ಬೆರಳುಗಳು ಮೊಮ್ಮಗಳ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ಮೂರು ಪಾಲು ಮಾಡಿ, ಒಂದು ಎಳೆಯೂ ಆಚೆ ಬಾರದಂತೆ ಬಿಗಿಯಾಗಿ ಹೆಣೆಯುತ್ತಿದ್ದವು.