ಹನ್ನೊಂದು ಕುಂಡಗಳು

ಗೇಟಿನ ಚಿಲಕಕ್ಕೆ ಕೈ ಹಾಕಿದ ಅತ್ತಿಗೆ ಅದನ್ನು ತೆಗೆಯಲಿಲ್ಲ. ವರಾಂಡದ ಮೂಲೆಯಲ್ಲಿ ನಿಂಬೆ ಗಿಡದ ಕುಂಡ ಅಡ್ಡ ಮಲಗಿತ್ತು. ಅದರ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ನಾದಿನಿಯ ಬೆನ್ನು ಕಾಣುತ್ತಿತ್ತು, ಕೈಯಲ್ಲೊಂದು ಸ್ಕ್ರೂಡ್ರೈವರ್. ಕೊನೆಗೂ ಸಿಕ್ಕಿಬಿದ್ದಳು ಎಂದುಕೊಂಡಳು ಅತ್ತಿಗೆ. ಒಳಗೆಲ್ಲೋ ಒಂದು ಬಗೆಯ ಸಮಾಧಾನವಾಯಿತು. ಮೂರು ತಿಂಗಳ ಕಾವಲು ದಂಡವಾಗಲಿಲ್ಲ.

ಕಾರ್ಖಾನೆಯಲ್ಲಿ ಕರೆಂಟು ಕೈಕೊಟ್ಟು ಮಧ್ಯಾಹ್ನವೇ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಅಲ್ಲಿ ಅವಳ ಕೆಲಸ, ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವುದು. ಹದಿನಾಲ್ಕು ವರ್ಷ ಕಾಲರು ತಿರುವಿ, ಅಂಚು ಎಳೆದು, ಜೋತುಬಿದ್ದ ದಾರ ಕತ್ತರಿಸಿ, ಸೊಟ್ಟ ಹೊಲಿಗೆಗೆ ಕೆಂಪು ಚೀಟಿ ಅಂಟಿಸಿ ಕಣ್ಣು ಪಳಗಿಹೋಗಿತ್ತು. ನಿನ್ನ ಮೇಜಿನ ಮೇಲೆ ಇಟ್ಟರೆ ಚಂದ್ರನಿಗೂ ಕೆಂಪು ಚೀಟಿ ಬೀಳುತ್ತದೆ ಎಂದು ಗಂಡ ಆಗಾಗ ತಮಾಷೆ ಮಾಡುತ್ತಿದ್ದ.

ಆ ಗಂಡನ ತಂಗಿ, ಎರಡು ವಾರ ಇದ್ದು ಹೋಗುತ್ತೇನೆಂದು ಎರಡು ಚೀಲ ಹಿಡಿದು ಬಂದವಳು. ಕಟ್ಟಿಕೊಂಡವನ ಮನೆ ಯಾಕೆ ಬಿಟ್ಟೆ ಎಂದರೆ "ಆಗಲಿಲ್ಲ ಅತ್ತಿಗೆ" ಎನ್ನುವುದಷ್ಟೇ. ಬಾಯಿಬಿಟ್ಟು ಜಗಳವಾಡುವವರನ್ನಾದರೂ ನಂಬಬಹುದು, ಬಾಯಿಗೆ ಬೀಗ ಹಾಕಿಕೊಂಡವರನ್ನು ನಂಬುವುದು ಹೇಗೆ? ಬಂದ ಮರುದಿನವೇ, ಅತ್ತಿಗೆ ಕುಂಡಗಳಿಗೆ ನೀರು ಹಾಕುವುದನ್ನು ನೋಡುತ್ತ ನಿಂತು, ಇಷ್ಟೊಂದು ನೀರು ಬೇಡವೇನೋ ಎಂದು ಮೆಲ್ಲಗೆ ರಾಗ ಎಳೆದಿದ್ದಳು. ನೀನು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದಾಗಿನಿಂದ ನಾನು ಗಿಡ ಸಾಕಿದ್ದೇನೆ ಎಂದು ಅತ್ತಿಗೆ ಅಲ್ಲಿಗೇ ಮಾತು ಮುಗಿಸಿದ್ದಳು. ಆಮೇಲೆ ಗಿಡದ ಸುದ್ದಿಗೆ ನಾದಿನಿ ಬಂದಿರಲಿಲ್ಲ. ಹಾಗೆಂದೇ ಅತ್ತಿಗೆ ತಿಳಿದಿದ್ದಳು.

ಮೂರನೇ ವಾರಕ್ಕೆ ಪುದೀನ ಕಪ್ಪಗಾಯಿತು. ಗುಲಾಬಿಯ ಮೊಗ್ಗುಗಳು ಅರಳದೆ ಕತ್ತು ಬಾಗಿಸಿದವು. ಊಟದ ತಟ್ಟೆಯಿಂದೆತ್ತಿದ ಬೀಜ ನೆಟ್ಟು ಏಳು ವರ್ಷ ಬೆಳೆಸಿದ ನಿಂಬೆ, ಹೋದ ವರ್ಷವಷ್ಟೇ ಮೊದಲ ಕಾಯಿ ಕೊಟ್ಟದ್ದು, ಬುಡದಿಂದ ಹಳದಿ ತಿರುಗತೊಡಗಿತು. ಮಣ್ಣು ಮೂಸಿ ನೋಡಿದರೆ ಹುಳಿ ಹುಳಿ ವಾಸನೆ. ಯಾರೋ ಏನೋ ಸುರಿಯುತ್ತಿದ್ದಾರೆ. ಮನೆಯಲ್ಲಿರುವುದೇ ಮೂರು ಜನ. ಗಂಡನಿಗಂತೂ ಕುಂಡ ಯಾವುದು, ಕಸದ ಬುಟ್ಟಿ ಯಾವುದು ಎನ್ನುವುದೇ ತಿಳಿಯದು.

ಅಂದಿನಿಂದ ಅತ್ತಿಗೆ ಕಾವಲಿಗಿಳಿದಳು. ಬಟ್ಟೆ ಸೋಪಿನ ನೀರಿನ ಬಾಟಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಳು. ಗುರುತಿಗಿಂತ ಕೆಳಗಿಳಿದದ್ದು ಕಂಡು ಹೌದೇ ಹೌದು ಎಂದುಕೊಂಡಳು. ಮನೆಮಂದಿಯ ಬಟ್ಟೆಯೆಲ್ಲ ಅದರಲ್ಲೇ ಒಗೆಯುವುದೆಂಬುದು ಎರಡು ದಿನ ಅವಳಿಗೆ ಹೊಳೆಯಲೇ ಇಲ್ಲ. ಕುಂಡದ ಬಾಯಿಗೆ ಅಡ್ಡಲಾಗಿ ಒಂದೆಳೆ ದಾರ ಇಟ್ಟು ಹೋಗುತ್ತಿದ್ದಳು. ಸಂಜೆ ಬಂದರೆ ದಾರ ನೆಲದ ಮೇಲೆ. ಏನು ಸುರಿದಿದ್ದರೂ ತೊಳೆದುಹೋಗಲಿ ಎಂದು ಬೆಳಿಗ್ಗೆ ಎರಡು ಚೊಂಬು, ಸಂಜೆ ಎರಡು ಚೊಂಬು ಹೆಚ್ಚು ನೀರು ಹೊಯ್ದಳು. ಹೊಯ್ದಷ್ಟೂ ಎಲೆ ಸೊರಗಿದವು. ಸೊರಗಿದಷ್ಟೂ ಅನುಮಾನ ಚಿಗುರಿತು. ಒಂದು ರಾತ್ರಿ ಊಟಕ್ಕೆ ಕೂತಾಗ, ಗಿಡಗಳಿಗೆ ಯಾರದೋ ಕೈ ತಾಗಿದೆ ಎಂದು ಗೋಡೆಗೆ ಹೇಳುವಂತೆ ಹೇಳಿದಳು. ನಾದಿನಿ ತನ್ನ ಕೈ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಕೊನೆಗೆ ನಿನ್ನೆ, ನಿಮ್ಮ ತಂಗಿ ಇರಬೇಕು, ಇಲ್ಲ ನಾನಿರಬೇಕು ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು. ಅವನು ಮೊದಲು ನಕ್ಕ, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ತಂಗಿಯನ್ನು ಕರೆದು, ಊರಿನಲ್ಲಿ ಹೆಂಗಸರ ಹಾಸ್ಟೆಲ್ಲುಗಳಿವೆಯಲ್ಲ, ಒಮ್ಮೆ ವಿಚಾರಿಸು ಎಂದ. ಅವಳು ಆಗಲಿ ಅಣ್ಣ ಎಂದು ತಲೆಯಾಡಿಸಿ ಪಾತ್ರೆ ತೊಳೆಯಲು ಹೋದಳು.

ಈಗ ಅತ್ತಿಗೆ ಸದ್ದಿಲ್ಲದೆ ಗೇಟು ದಾಟಿ ನಾದಿನಿಯ ಹಿಂದೆ ಹೋಗಿ ನಿಂತಳು.

"ಏನೇ ಮಾಡ್ತಿದೀಯ?"

ನಾದಿನಿ ಬೆಚ್ಚಿದಳು, ಆದರೆ ಏನನ್ನೂ ಮುಚ್ಚಿಡಲಿಲ್ಲ. "ತೂತು ಬಿಡಿಸ್ತಿದೀನಿ ಅತ್ತಿಗೆ. ನಾಲ್ಕು ಕುಂಡದ್ದಾಯ್ತು. ಹೋಗೋದ್ರೊಳಗೆ ಎಲ್ಲಾ ಮುಗಿಸೋಣ ಅಂತ."

ಅವಳು ಸ್ಕ್ರೂಡ್ರೈವರನ್ನು ಕುಂಡದ ಅಡಿಗೆ ಒತ್ತಿ ಹಿಡಿಯನ್ನು ಅಂಗೈಯಿಂದ ಒಮ್ಮೆ ಗುದ್ದಿದಳು. ಬಿಳಿಯ ಬಿಲ್ಲೆಯಂಥದೊಂದು ಕಳಚಿ ಬಿತ್ತು. ಹಿಂದೆಯೇ ಕಂದು ನೀರು ಬುಳುಬುಳು ಹೊರಬಂತು. ಕೊಳೆತ ವಾಸನೆಗೆ ಇಬ್ಬರೂ ಮೂಗು ತಿರುಗಿಸಿದರು.

"ನೀರು ಹೋಗೋಕೆ ದಾರೀನೇ ಇರ್ಲಿಲ್ಲ," ಎಂದಳು ನಾದಿನಿ. "ಬಾಯಾರಿದ ಗಿಡಾನೂ ಜೋಲುತ್ತೆ, ಮುಳುಗಿದ ಗಿಡಾನೂ ಜೋಲುತ್ತೆ. ನೋಡೋಕೆ ಎರಡೂ ಒಂದೇ. ನೀವು ಹೋದ್ಮೇಲೆ ದಿನಾ ಕುಂಡ ಓರೆ ಮಾಡಿ ಮೇಲಿನ ನೀರು ಬಸೀತಿದ್ದೆ. ಅಡೀಲಿ ಇದು ಇರೋದು ಇವತ್ತೇ ಕಂಡಿದ್ದು. ಆ ಟೈಲ್ಸ್ ಹಾಕಿದ ಮೇಸ್ತ್ರಿ ಕೆಲಸ ಇರ್ಬೇಕು."

ಅತ್ತಿಗೆಯ ಕಣ್ಣು ಆ ಬಿಳಿಯ ಬಿಲ್ಲೆಯ ಮೇಲಿಂದ ಏಳಲಿಲ್ಲ. ನಾದಿನಿ ಬರುವುದಕ್ಕೆ ವಾರ ಮುಂಚೆಯಷ್ಟೇ ವರಾಂಡಕ್ಕೆ ಹೊಸ ಟೈಲ್ಸ್ ಹಾಕಿಸಿದ್ದರು, ಮುಖ ಕಾಣುವಂಥ ಬಿಳಿ ನೆಲ. ಮೊದಲ ದಿನವೇ ಕುಂಡಗಳಡಿ ಕಂದು ಉಂಗುರಗಳೆದ್ದಿದ್ದವು. ಮೇಸ್ತ್ರಿ ಬಿಟ್ಟುಹೋದ ಬಿಳಿ ಸಿಮೆಂಟನ್ನು ಕಲಸಿ, ಹನ್ನೊಂದು ಕುಂಡಗಳ ತೂತಿಗೂ ಒಂದೊಂದಾಗಿ ಮೆತ್ತಿದ್ದು ಅವಳೇ. ನೀರು ಒಳಗೇ ಉಳಿದರೆ ಗಿಡಕ್ಕೂ ಒಳ್ಳೆಯದೇ ಎಂದುಕೊಂಡಿದ್ದಳು. ಎಷ್ಟು ಸಣ್ಣ ಕೆಲಸವೆಂದರೆ, ಕೈ ತೊಳೆದವಳೇ ಮರೆತುಬಿಟ್ಟಿದ್ದಳು.

ಮೇಸ್ತ್ರಿಯ ಮಾತು ಚುಚ್ಚಲಿಕ್ಕೆ ಆಡಿದ್ದೇ? ನಾದಿನಿಯ ಮುಖವನ್ನು ಅತ್ತಿಗೆ ಅಂಗಿಯ ಹೊಲಿಗೆ ನೋಡುವ ಹಾಗೆ ನೋಡಿದಳು. ತುಟಿಯಂಚು, ಹುಬ್ಬು, ಕಣ್ಣಿನ ಮೂಲೆ. ಎಲ್ಲೂ ಕೊಂಕು ಕಾಣಲಿಲ್ಲ. ಮೇಸ್ತ್ರಿಯನ್ನು ಬೈದು ಒಳಗೆ ಹೋಗಿಬಿಡಬಹುದಿತ್ತು. ಗಂಡನಿಗೂ ಅದನ್ನೇ ಹೇಳಬಹುದಿತ್ತು. ಮೇಸ್ತ್ರಿ ಬಂದು ಇಲ್ಲವೆನ್ನುವವನಲ್ಲ.

"ಮೇಸ್ತ್ರಿ ಅಲ್ಲ," ಎಂದಳು. "ನಾನೇ ಮೆತ್ತಿದ್ದು."

ನಾದಿನಿ ಬಿಲ್ಲೆಯನ್ನು ಎತ್ತಿ ಸೆರಗಿಗೆ ಒರೆಸಿ ಮುಂದೆ ಹಿಡಿದಳು. ಅದರ ನಡುವೆ ಹೆಬ್ಬೆರಳ ಗುರುತು ಗೆರೆಗೆರೆಯಾಗಿ ಒಣಗಿತ್ತು. "ಗೊತ್ತು ಅತ್ತಿಗೆ. ಮೇಸ್ತ್ರಿ ಹೆಬ್ಬೆರಳು ಇಷ್ಟು ಚಿಕ್ಕದಿರಲ್ಲ."

"ಗೊತ್ತಿದ್ದೂ ಹೇಳ್ಲಿಲ್ಲ."

"ನೀರಿನ ವಿಷಯ ಒಂದ್ಸಲ ಹೇಳಿ ನೋಡಿದ್ದೆನಲ್ಲ."

ಕಂದು ನೀರು ಟೈಲ್ಸ್ ಸಂದಿಗುಂಟ ಬಾಗಿಲತ್ತ ಹರಿಯುತ್ತಿತ್ತು. ಅತ್ತಿಗೆ ಒರೆಸುವ ಬಟ್ಟೆ ತರಲು ಹೋಗಲಿಲ್ಲ. ಹಾಸ್ಟೆಲ್ಲಿಗೆ ಹೋಗಿದ್ದೆಯಾ ಎಂದು ಕೇಳಿದಳು. ಹೋಗಿದ್ದೆ ಎಂದಳು ನಾದಿನಿ. ಒಂದು ರೂಮಿಗೆ ನಾಲ್ಕು ಮಂಚ, ತನ್ನದು ಕಿಟಕಿಯ ಪಕ್ಕ, ಸೋಮವಾರ ಬರಬಹುದಂತೆ.

"ಹೋಗ್ಬೇಡ," ಎಂದಳು ಅತ್ತಿಗೆ. "ನಿಮ್ಮಣ್ಣನಿಗೆ ಇರೋದು ಇದ್ದ ಹಾಗೆ ಹೇಳ್ತೀನಿ. ನಗಲಿ ಬೇಕಾದ್ರೆ."

ನಾದಿನಿ ನಿಂಬೆಯ ಕುಂಡದ ಅಂಚಿಗೆ ಕೈ ಹಾಕಿದಳು. "ಮೊದಲು ಇದನ್ನ ಹಿಡ್ಕೊಳ್ಳಿ. ಒಬ್ಬಳ ಕೈಲಿ ಆಗಲ್ಲ."

ಅತ್ತಿಗೆ ಬ್ಯಾಗು ಕೆಳಗಿಟ್ಟು ಕುಂಡವನ್ನು ತಬ್ಬಿ ಹಿಡಿದಳು. ನಾದಿನಿ ಬುಡ ಹಿಡಿದು ಅಲುಗಿಸಿ, ಅಲುಗಿಸಿ, ಗಿಡವನ್ನು ಮಣ್ಣಿನ ಸಮೇತ ಎಳೆದು ನೆಲದ ಮೇಲೆ ಮಲಗಿಸಿದಳು. ಬೇರುಗಳು ಕಪ್ಪಗೆ, ನೆನೆದ ದಾರದ ಉಂಡೆಯಂತಿದ್ದವು. ಕೊಳೆತದ್ದನ್ನು ತೆಗೆಯಬೇಕು, ಗಟ್ಟಿಯಿದ್ದದ್ದನ್ನು ಉಳಿಸಬೇಕು, ಕಪ್ಪಗಿರುವುದೆಲ್ಲ ಸತ್ತದ್ದಲ್ಲ, ಕೆಲವಕ್ಕೆ ಮಣ್ಣು ಮೆತ್ತಿರುತ್ತದೆ ಅಷ್ಟೇ ಎಂದಳು. ಬದುಕುತ್ತದೆಯೇ ಎಂಬ ಪ್ರಶ್ನೆಗೆ, ಒಂದು ತಿಂಗಳಾದರೂ ಕಾದು ನೋಡಬೇಕು ಎಂದಳು.

ಅತ್ತಿಗೆ ಬ್ಯಾಗಿನಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದು ನೆಲದ ಮೇಲೆ ಕಾಲು ಚಾಚಿ ಕೂತಳು. ನಾದಿನಿ ಒಂದೊಂದೇ ಬೇರನ್ನು ಬಿಡಿಸಿ ಮುಂದೆ ಹಿಡಿದಳು. ಮೊದಲನೆಯದಕ್ಕೆ ಕತ್ತರಿಯ ಬಾಯಿ ತೆರೆದ ಅತ್ತಿಗೆ ತಡೆದಳು. ಕತ್ತರಿಯನ್ನು ಮಡಿಲಲ್ಲಿಟ್ಟು, ಬೇರನ್ನು ಎರಡು ಬೆರಳ ನಡುವೆ ಹಿಡಿದು, ತುದಿಯವರೆಗೂ ಮೆಲ್ಲಗೆ ಒತ್ತಿ ಒತ್ತಿ ನೋಡಿದಳು.