ವಾಪಸ್ ಓಡಿ ಬರುವ ಹುಡುಗ

ಇಪ್ಪತ್ತೆಂಟನೆಯ ಪುಟದ ಮೇಲೆ ಓಡಾಡುತ್ತಿದ್ದ ರಬ್ಬರು ನಿಂತುಹೋಯಿತು. ಸದ್ದು ನಿಂತದ್ದಕ್ಕೇ ರಿತ್ಸುಕೊ ತಲೆಯೆತ್ತಿ ನೋಡಿದಳು. ಮೇಜಿನ ಆಚೆ ಬದಿಯಲ್ಲಿ ಮಗಳು ಕೊನಾತ್ಸು ಆ ಪುಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಗಂಟೆ ಎರಡೂವರೆ. ನಾಲ್ಕಕ್ಕೆ ಪತ್ರಿಕೆಯ ಮುರೋಯಿ ಬಂದು ಮೂವತ್ತೆರಡು ಪುಟಗಳನ್ನೂ ಒಯ್ಯಬೇಕಾಗಿತ್ತು.

"ಇದು ನಂದು," ಎಂದಳು ಕೊನಾತ್ಸು.

ರಿತ್ಸುಕೊ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಕೊನೆಯ ಆರು ಪುಟಗಳ ಪೆನ್ಸಿಲ್ ಗೆರೆಗಳನ್ನು ತಾನೇ ಅಳಿಸಿಕೊಳ್ಳಬೇಕೆಂದು ಬೇರೆ ಎತ್ತಿಟ್ಟಿದ್ದಳು. ಸಹಾಯಕಿ ಜ್ವರ ಬಂದು ಮಲಗಿದ್ದರಿಂದ ಬೆಳಗಿನಿಂದ ಮನೆಯಲ್ಲಿ ಒಂದೇ ಗಡಿಬಿಡಿ, ಅದರಲ್ಲಿ ಅವೂ ಮಗಳಿಗೆ ಕೊಟ್ಟ ಪುಟಗಳ ಕಟ್ಟಿನಲ್ಲಿ ಸೇರಿಹೋಗಿದ್ದವು. ಕಳ್ಳ ಮಾಲನ್ನು ಯಜಮಾನನ ಕೈಗೇ ಕೊಟ್ಟು ಕಾಯಿರಿ ಎಂದ ಹಾಗಾಗಿತ್ತು.

ಹೈಸ್ಕೂಲು ಹುಡುಗ ಹುಡುಗಿಯರ ಪ್ರೇಮದ ಮಾಂಗಾ ಚಿತ್ರಕಥೆ ಬರೆಯುವುದು ರಿತ್ಸುಕೊಗೆ ಹದಿನೆಂಟು ವರ್ಷದ ಕಸುಬು. ಈಚೆಗೆ ಓದುಗರು ಮತ ಬರೆದು ಕಳಿಸುವ ಕಾರ್ಡುಗಳಲ್ಲಿ ಅವಳ ಕಥೆ ಹದಿನೈದರಲ್ಲಿ ಹದಿನಾಲ್ಕನೆಯದಾಗಿ ಬರುತ್ತಿತ್ತು. ಫೆಬ್ರವರಿ ಸಂಚಿಕೆಯಲ್ಲಿ ಮೇಲೇಳದಿದ್ದರೆ ನಿಲ್ಲಿಸುತ್ತೇವೆಂದು ಪತ್ರಿಕೆಯ ಹಿರಿಯ ಸಂಪಾದಕರು ಹೇಳಿಕಳಿಸಿದ್ದರು. ಎಷ್ಟು ತಿಣುಕಿದರೂ ಏನೂ ಹೊಳೆಯದಿದ್ದಾಗ, ಹಿಂದಿನ ಫೆಬ್ರವರಿಯಲ್ಲಿ ಮಗಳು ಹೇಳಿದ್ದು ನೆನಪಾಯಿತು. ಸ್ನಾನದ ಮನೆಯ ಬಾಗಿಲಾಚೆಯಿಂದ, ಮುಖ ತೋರಿಸದೆ, ಅವಳು ಹೇಳಿಕೊಂಡಿದ್ದಳು. ಹುಡುಗಿಯರು ಹುಡುಗರಿಗೆ ಚಾಕೊಲೇಟ್ ಕೊಡುವ ವ್ಯಾಲೆಂಟೈನ್ ದಿನಕ್ಕೆಂದು ಎರಡು ದಿನ ಕೂತು ಮಾಡಿದ ಚಾಕೊಲೇಟನ್ನು ಮಿನೆಗಿಶಿ ಎಂಬ ಹುಡುಗ ಸೈಕಲ್ ಸ್ಟ್ಯಾಂಡಿನಲ್ಲಿ ವಾಪಸ್ ಕೊಟ್ಟು, ಸಿಹಿ ನನಗೆ ಸೇರಲ್ಲ ಎಂದನಂತೆ. ಮಧ್ಯಾಹ್ನ ನೋಡಿದರೆ ಶಾಲೆಯ ಅಂಗಡಿಯಲ್ಲಿ ಕ್ರೀಮ್ ಬನ್ ಕೊಳ್ಳುತ್ತ ನಿಂತಿದ್ದನಂತೆ.

ಅದಷ್ಟೂ ಈ ಪುಟಗಳಲ್ಲಿತ್ತು. ಮುಂದಿನದನ್ನು ಮಾತ್ರ ರಿತ್ಸುಕೊ ಕಟ್ಟಿದ್ದಳು. ಸಂಜೆ ಆ ಹುಡುಗ ಏದುಸಿರು ಬಿಡುತ್ತ ವಾಪಸ್ ಓಡಿ ಬರುತ್ತಾನೆ, ನಾಚಿಕೆಗೆ ಸುಳ್ಳು ಹೇಳಿದೆ ಎನ್ನುತ್ತಾನೆ.

"ಕ್ಲಾಸಲ್ಲಿ ಒಂಬತ್ತು ಜನ ಈ ಪತ್ರಿಕೆ ಓದ್ತಾರೆ. ಅವನ ತಂಗಿನೂ ಓದ್ತಾಳೆ," ಎಂದಳು ಕೊನಾತ್ಸು. "ಬರೆಯೋದು ನನ್ನಮ್ಮ ಅಂತ ಎಲ್ರಿಗೂ ಗೊತ್ತು."

"ಹೆಸರು ಬದಲಾಯ್ಸಿದೀನಲ್ಲೇ."

"ಕ್ರೀಮ್ ಬನ್ ಬದಲಾಯ್ಸಿಲ್ವಲ್ಲ."

ರಿತ್ಸುಕೊಳ ಬಾಯಿಗೆ ಬಂದದ್ದು ಹದಿನೆಂಟು ವರ್ಷದ ಅಭ್ಯಾಸದ ಮಾತು. "ಕೊನೇಲಿ ಚೆನ್ನಾಗೇ ಆಗುತ್ತೆ ಕಣೇ. ಅವನು ಬರ್ತಾನಲ್ಲ."

ಕೊನಾತ್ಸು ಪುಟವನ್ನು ಮೇಜಿನ ಮೇಲಿಟ್ಟಳು. ಅವಳ ದನಿ ಏರಲಿಲ್ಲ.

"ಅದಕ್ಕೇ ಅಮ್ಮಾ ನಾನು ಕಾದಿದ್ದು. ಅವತ್ತು ಸೈಕಲ್ ಸ್ಟ್ಯಾಂಡಲ್ಲಿ ಸಂಜೆ ಆರು ಗಂಟೆವರೆಗೂ ಕಾದೆ. ಎಲ್ರ ಸೈಕಲ್ಲೂ ಹೋಯ್ತು. ಮೂರನೇ ಕ್ಲಾಸಿಂದ ನಿನ್ನ ಕಥೆ ಹುಡುಗರನ್ನ ನೋಡ್ತಾ ಇದೀನಿ. ಬರದೇ ಇದ್ದೋನು ಒಬ್ಬನೂ ಇಲ್ಲ."

ಇದನ್ನು ಅವಳು ಬಾಗಿಲಾಚೆಯಿಂದಲೂ ಹೇಳಿರಲಿಲ್ಲ. ರಿತ್ಸುಕೊಗೆ ತನ್ನ ಕೈಗಳ ಮೇಲೇ ಅಸಹ್ಯವಾಯಿತು. ಮಕ್ಕಳ ಆಸೆಗೆ ಎಣ್ಣೆ ಹೊಯ್ಯುತ್ತ ಹೊಟ್ಟೆ ಹೊರೆದವಳ ಮನೆಯಲ್ಲೇ ಒಂದು ಮಗು ಆ ಬೆಂಕಿಗೆ ಕೈಯಿಟ್ಟಿತ್ತು. ಅವಳು ಕೊನೆಯ ಆರು ಪುಟಗಳನ್ನು ಸೆಳೆದುಕೊಂಡು ಹರಿಯಲು ಹಿಡಿದಳು. ಇಪ್ಪತ್ತಾರು ಪುಟಕ್ಕೇ ನಿಲ್ಲಿಸುತ್ತೇನೆ, ಕಥೆ ಹೋದರೆ ಹೋಗಲಿ ಎಂದಳು.

ಕೊನಾತ್ಸು ತಾಯಿಯ ಮಣಿಕಟ್ಟು ಹಿಡಿದಳು.

"ಹರೀಬೇಡ. ಅವನು ಬರ್ಲಿ," ಎಂದಳು. "ಅಲ್ಲಾದ್ರೂ ಬರ್ಲಿ. ನಂದು ಮಾತ್ರ ತೆಗಿ."

ಉಳಿದದ್ದು ಒಂದು ಗಂಟೆ ಹತ್ತು ನಿಮಿಷ. ಸೈಕಲ್ ಸ್ಟ್ಯಾಂಡಿನ ಚಿತ್ರವಿದ್ದ ಚೌಕಗಳ ಮೇಲೆ ಬಿಳಿ ಕಾಗದ ಅಂಟಿಸಿ ರಿತ್ಸುಕೊ ಈಜುಕೊಳದ ಬೇಲಿ ಎಳೆದಳು. ಕ್ರೀಮ್ ಬನ್ನಿದ್ದ ಚೌಕಕ್ಕೆ ಮಸಿ ತುಂಬಿ ಕಿಟಕಿ ಮಾಡಿದಳು. ಅವಸರದಲ್ಲಿ ಒಂದು ಗೆರೆ ಬೇಲಿಯಿಂದಾಚೆ ಹೋಯಿತು. ಬಿಳಿ ಬಣ್ಣ ಬಳಿದು, ಒಣಗುವವರೆಗೆ ಇಬ್ಬರೂ ಸರದಿಯಲ್ಲಿ ಊದಿದರು. ಸಿಹಿ ಸೇರಲ್ಲ ಎಂಬ ಮಾತು ಬರೆದಿದ್ದ ಗುಳ್ಳೆಯ ಬಳಿ ಬಂದಾಗ, ಹುಡುಗನ ಬಾಯಲ್ಲಿ ಮತ್ತೇನು ಹಾಕಲೆಂದು ಅವಳು ಮಗಳನ್ನು ಕೇಳಿದಳು. ಏನೂ ಹೇಳದೆ ಕೊಟ್ಟುಬಿಡಲಿ, ಅದಾದರೆ ಸುಳ್ಳಾದರೂ ಆಗಲ್ಲ ಎಂದಳು ಕೊನಾತ್ಸು. ರಿತ್ಸುಕೊ ಗುಳ್ಳೆಯನ್ನೇ ಅಳಿಸಿಹಾಕಿದಳು. ಕೊನೆಯಲ್ಲಿ ಸುಳ್ಳು ಹೇಳಿದೆ ಎನ್ನುವ ಮಾತನ್ನೂ ತೆಗೆದಳು.

ಮುರೋಯಿ ಐದು ನಿಮಿಷ ಮೊದಲೇ ಬಂದಳು. ಮೂವತ್ತರ ಹೆಣ್ಣು, ಕೋಟು ಕೂಡ ಬಿಚ್ಚದೆ ಓದಲು ಕೂತಳು. ಕೊನಾತ್ಸು ಚಹಾ ತಂದಿಟ್ಟು ಅಲ್ಲೇ ಕೂತು ಕಿತ್ತಳೆ ಸುಲಿಯತೊಡಗಿದಳು. ಇಪ್ಪತ್ತೆಂಟನೆಯ ಪುಟಕ್ಕೆ ಬಂದಾಗ ಮುರೋಯಿಯ ಬೆರಳು ನಿಂತಿತು.

"ಮೇಡಂ, ಸಿಹಿ ಸೇರಲ್ಲ ಅನ್ನೋ ಸಾಲೆಲ್ಲಿ? ಬನ್ನೆಲ್ಲಿ?"

"ತೆಗೆದೆ."

ಮುರೋಯಿ ಪೆಚ್ಚಾದಳು. ಕರಡು ಓದಿ ಹಿರಿಯರು ಮೆಚ್ಚಿದ್ದೇ ಆ ಸಾಲು, ಎಷ್ಟೋ ವರ್ಷದ ಮೇಲೆ ನಿಜವಾದ ಹುಡುಗನೊಬ್ಬ ಬಂದ ಎಂದು ಸಭೆಯಲ್ಲಿ ಎಲ್ಲರ ಮುಂದೆ ಹೇಳಿದ್ದರು ಎಂದಳು. ಅದಿಲ್ಲದಿದ್ದರೆ ಇದೂ ಎಲ್ಲರ ಕಥೆಗಳಂಥದೇ ಇನ್ನೊಂದು ಕಥೆ. ಮಾತು ಪೆನ್ಸಿಲಿನಲ್ಲಿ ಬರೆದರೆ ಸಾಕಲ್ಲ, ಅಚ್ಚಿನ ಅಕ್ಷರ ಕೂಡಿಸುವವರು ಪತ್ರಿಕೆಯಲ್ಲಿದ್ದಾರೆ, ಈಗಲೂ ಒಂದು ನಿಮಿಷದ ಕೆಲಸ ಎಂದು ಪೆನ್ಸಿಲನ್ನು ಮುಂದೆ ಸರಿಸಿದಳು. ಕೊನಾತ್ಸು ಕಿತ್ತಳೆಯಿಂದ ಕಣ್ಣೆತ್ತಲಿಲ್ಲ, ಆದರೆ ಸುಲಿಯುವುದು ನಿಂತಿತ್ತು.

"ಆ ಸಾಲು ಬರಲ್ಲ," ಎಂದಳು ರಿತ್ಸುಕೊ.

"ನಿಲ್ಲಿಸಿಬಿಡ್ತಾರೆ ಮೇಡಂ."

"ನಿಲ್ಲಿಸ್ಲಿ."

ಮುರೋಯಿ ಪೆನ್ಸಿಲನ್ನು ವಾಪಸ್ ತೆಗೆದುಕೊಂಡಳು. ಆಮೇಲೆ ಉಳಿದ ಪುಟಗಳನ್ನು ತಿರುವಿದಳು. ಕೊನೆಯ ಪುಟದಲ್ಲಿ ಹುಡುಗ ಬೇಲಿಯುದ್ದಕ್ಕೂ ಓಡಿ ಬರುತ್ತಿದ್ದ, ಕುತ್ತಿಗೆಗೆ ಸುತ್ತಿದ ಮಫ್ಲರು ಹಿಂದಕ್ಕೆ ಹಾರುತ್ತಿತ್ತು. ಅವಳಿಗೆ ತಾನೇ ತಾನಾಗಿ ನಗು ಬಂತು. ಎಷ್ಟು ಸಲ ನೋಡಿದರೂ ಹುಡುಗ ಓಡಿ ಬರುವ ಈ ಜಾಗಕ್ಕೆ ಬಂದಾಗ ತನಗೆ ಏನೋ ಆಗುತ್ತದೆಂದು ಒಪ್ಪಿಕೊಂಡು ಕೊನಾತ್ಸು ಕಡೆ ತಿರುಗಿದಳು.

"ನಿಮ್ಮ ಸ್ಕೂಲಲ್ಲೂ ಹುಡುಗರು ಹೀಗೇ ಓಡಿ ಬರ್ತಾರೇನಮ್ಮ?"

ಕೊನಾತ್ಸು ಒಂದು ತೊಳೆ ಬಿಡಿಸಿ, ಅದರ ಬಿಳಿ ನಾರನ್ನು ಮೆಲ್ಲಗೆ ಎಳೆದಳು.

"ಬರ್ತಾರೆ," ಎಂದಳು.

ರಿತ್ಸುಕೊ ಪುಟಗಳನ್ನು ಲಕೋಟೆಗೆ ಸೇರಿಸಿ, ಅದರ ದಾರವನ್ನು ಗುಂಡಿಗೆ ಸುತ್ತತೊಡಗಿದಳು. ದಾರ ಜಾರಿತು. ಮತ್ತೆ ಸುತ್ತಿದಳು, ಮತ್ತೆ ಜಾರಿತು. ಮುರೋಯಿ ಬಾಗಿಲ ಬಳಿ ಬೂಟು ಹಾಕಿಕೊಂಡು ಕೈ ಚಾಚಿ ನಿಂತಿದ್ದಳು.