ಎರಡನೇ ಯಂತ್ರದ ರಟ್ಟು

ಹನ್ನೆರಡು ನಿಮಿಷ. ಒಂದು ಚಾರ್ಜಿಂಗ್ ಸ್ಟೇಷನ್ನಿನ ಹಣೆಬರಹ ಬರೆಯಲು ಕಂಪನಿ ಪರಿಶೀಲಕರಾದ ನಮಗೆ ಕೊಡುವ ಸಮಯ ಅಷ್ಟೇ. ಕೇಬಲ್ಲಿನ ತುದಿಯ ಗನ್ನನ್ನು ಕಾರಿಗೆ ಸಿಕ್ಕಿಸಿ, ಕರೆಂಟು ನಿಲ್ಲದೆ ಹರಿಯುತ್ತದೋ ಇಲ್ಲವೋ ನೋಡಲು ಇಪ್ಪತ್ತು ನಿಮಿಷವಾದರೂ ಬೇಕು. ಹಾಗಾಗಿ ನಾವು ಸಿಕ್ಕಿಸುವುದಿಲ್ಲ. ಪರದೆ ಬೆಳಗುತ್ತಿದೆಯೇ? ಚಾಲೂ. ಟಿಕ್. ಮುಂದಿನ ಪ್ರಶ್ನೆ: ಕಸದ ಬುಟ್ಟಿಗೆ ಮುಚ್ಚಳ ಇದೆಯೇ?

ಮೂರು ವರ್ಷ ಹೀಗೆ ಟಿಕ್ ಹಾಕಿದ್ದೇನೆ. ಕಂಪನಿಯ ಕಾರು ಓಡಿಸುವವರು ನನ್ನ ಭಾವ, ಅಕ್ಕನ ಗಂಡ. ನಾಲ್ಕು ದಿನಕ್ಕೆ ಮೂವತ್ತೊಂದು ಸ್ಟೇಷನ್ನು ಮುಗಿಸುವ ಓಟ. ಕಾರಿಗೆ ಚಾರ್ಜು ತಂಗುವ ಲಾಡ್ಜಿನಲ್ಲೇ. ಅಂದರೆ ನಾವು ಅಂಕ ಕೊಡುವ ಯಂತ್ರಗಳನ್ನು ನಾವೇ ಎಂದೂ ಬಳಸಿದವರಲ್ಲ.

ಆವತ್ತು ಹೆದ್ದಾರಿ ಅಗೆದು ಹಾಕಿದ್ದರು. ಅರವತ್ತು ಕಿಲೋಮೀಟರ್ ಸುತ್ತಿ ಬರುವಷ್ಟರಲ್ಲಿ ಬ್ಯಾಟರಿ ಶೇಕಡಾ ನಾಲ್ಕಕ್ಕೆ ಇಳಿದಿತ್ತು.

“ಭಾವ, ಏಸಿ ಆರಿಸಿ.”

“ಆರಿಸಿ ಅರ್ಧ ಗಂಟೆ ಆಯ್ತಮ್ಮ. ಇನ್ನು ಆರಿಸೋಕೆ ಉಳಿದಿರೋದು ನಿನ್ನ ಬಾಯಿ ಒಂದೇ.”

ಸ್ಟೇಷನ್ನು ಸೇರಿದಾಗ ಮಟಮಟ ಮಧ್ಯಾಹ್ನ. ಎರಡು ಯಂತ್ರ. ಒಂದರ ಮುಂದೆ ಐದು ಕಾರುಗಳ ಸಾಲು. ಇನ್ನೊಂದರ ಮೇಲೆ ದಾರ ಕಟ್ಟಿ ತೂಗುಹಾಕಿದ ರಟ್ಟು: ‘ಕೆಟ್ಟಿದೆ. ಕ್ಷಮಿಸಿ.’ ರಟ್ಟಿನ ಹಿಂದೆ ಪರದೆ ಮಾತ್ರ ಹಸಿರಾಗಿ ಹೊಳೆಯುತ್ತ ‘ಸಿದ್ಧ’ ಎನ್ನುತ್ತಿತ್ತು.

ನೀಲಿ ಕೋಟು ತೊಟ್ಟ, ಸ್ಟೇಷನ್ನು ನೋಡಿಕೊಳ್ಳುವಾಕೆ ಬಿಸಿಲಲ್ಲೇ ನಿಂತಿದ್ದಳು. ಟೈ ಕಟ್ಟಿದವನೊಬ್ಬ ಆಕೆಯ ಮುಖದ ಹತ್ತಿರ ಬೆರಳು ತಂದು ಕೂಗುತ್ತಿದ್ದ. “ರೆಡಿ ಅಂತ ತೋರಿಸ್ತಿದೆ, ನೀನು ಕೆಟ್ಟಿದೆ ಅಂತೀಯ! ಸೋಮಾರಿ!”

“ಬೇಕಾದ್ರೆ ಹಾಕಿ ನೋಡಿ ಸಾರ್. ಹತ್ತು ಸೆಕೆಂಡಲ್ಲಿ ಸಾಯುತ್ತೆ.”

“ನನ್ನ ಕಾರು ಹಾಳಾದ್ರೆ ನಿಮ್ಮಪ್ಪ ತಂದು ಕೊಡ್ತಾನಾ?”

ಆಕೆ ಅತ್ತ ತಿರುಗಿದಳು. ನನ್ನನ್ನು ಕಂಡಳು, ನನ್ನ ಹೆಗಲಿನ ಕಂಪನಿಯ ಹಸಿರು ಬ್ಯಾಗನ್ನು ಕಂಡಳು. ನೇರ ಬಂದಳು.

“ಆರು ತಿಂಗಳ ಹಿಂದೆ ಬಂದೋರು ನೀವೇ ಅಲ್ವಾ?”

“ಹೌದು.”

“ಚೆನ್ನಾಗಿ ಬರೆದಿದ್ರಿ.”

ಫೋನು ತೆಗೆದು ತೋರಿಸಿದಳು. ಏಳು ಸಲ ದೂರು ಕೊಟ್ಟಿದ್ದಳು. ಏಳಕ್ಕೂ ಒಂದೇ ಉತ್ತರ: ‘ಪರಿಶೀಲಕರ ವರದಿಯಂತೆ ಯಂತ್ರ ಚಾಲೂ ಇದೆ.’ ಕೊನೆಯದರಲ್ಲಿ ಇನ್ನೊಂದು ಸಾಲು ಸೇರಿತ್ತು. ಈ ಸಲದ ವರದಿಯೂ ಹಾಗೇ ಬಂದರೆ, ಸುಳ್ಳು ದೂರು ಕೊಟ್ಟ ತಪ್ಪಿಗೆ ನಾಳೆಯಿಂದ ಆಕೆಗೆ ಕೆಲಸವಿಲ್ಲ.

“ನೀವು ಬಂದಾಗಲೂ ಕೆಟ್ಟೇ ಇತ್ತು. ಹೇಳೋಕೆ ಬಂದೆ. ‘ಪಕ್ಕಕ್ಕೆ ಸರೀರಮ್ಮ, ಫೋಟೋದಲ್ಲಿ ಬರ್ತೀರ’ ಅಂದ್ರಿ.”

ನನಗೆ ನೆನಪಿರಲಿಲ್ಲ. ಅದೇ ಮೈ ಉರಿಸಿದ್ದು. ಆರು ತಿಂಗಳು ಈ ಹೆಂಗಸು ಕಂಡಕಂಡವರ ಬಾಯಲ್ಲಿ ಬೈಸಿಕೊಂಡದ್ದು ನನ್ನ ಒಂದು ಟಿಕ್ಕಿಗೆ, ಅದೂ ನನಗೆ ನೆನಪಿಲ್ಲ! ಫಾರ್ಮಿನಲ್ಲಿ ನಲವತ್ತೆರಡು ಪ್ರಶ್ನೆಗಳಿವೆ. ಹೂಕುಂಡದ ಬಗ್ಗೆ ಇದೆ, ಬೋರ್ಡಿನ ಬಣ್ಣದ ಬಗ್ಗೆ ಇದೆ. ದಿನವಿಡೀ ನಿಲ್ಲುವವಳಿಗೆ ಒಂದು ಕುರ್ಚಿ ಇದೆಯೇ ಎಂದು ಕೇಳಲು ತಣ್ಣನೆಯ ಕೋಣೆಯಲ್ಲಿ ಕೂತ ಆ ಮಹಾನುಭಾವರಿಗೆ ತೋಚಿಲ್ಲ. ನನಗೂ ತೋಚಿರಲಿಲ್ಲ.

“ಭಾವ, ಕಾರು ಎರಡನೇದಕ್ಕೆ ತನ್ನಿ.”

ಗನ್ ಸಿಕ್ಕಿಸಿದೆ. ಯಂತ್ರ ಗುರ್ರೆಂದಿತು. ಎಂಟು, ಒಂಬತ್ತು, ಹತ್ತು. ಟಪ್ಪೆಂದು ಸತ್ತಿತು. ಗನ್ ಕಿತ್ತದ್ದೇ ಪರದೆ ನಾಚಿಕೆಯಿಲ್ಲದೆ ಮತ್ತೆ ಹಸಿರಾಯಿತು: ‘ಸಿದ್ಧ’.

ಮೇಲಧಿಕಾರಿಗೆ ಫೋನು ಮಾಡಿದೆ.

“ಪರದೆ ಬೆಳಗುತ್ತಿದೆಯಾ?” ಎಂದರು.

“ಬೆಳಗುತ್ತಿದೆ ಸರ್, ಆದರೆ ಗನ್ ಹಾಕಿ ನೋಡಿದೆ—”

“ಹಾಕೋಕೆ ಹೇಳಿದ್ದು ಯಾರು? ನಿಯಮ ಗೊತ್ತಲ್ಲ? ಆ ರಟ್ಟು ತೆಗೆಸಿ ಫೋಟೋ ಕಳಿಸಿ. ಕೈಬರಹದ ಬೋರ್ಡಿಗೆ ಹತ್ತು ಅಂಕ ಹೋಗುತ್ತೆ.”

“ಕೆಟ್ಟ ಯಂತ್ರಕ್ಕೆ ಎಷ್ಟು ಹೋಗುತ್ತೆ ಸರ್?”

“ಹೋದ ಸಲ ಚಾಲೂ ಅಂತ ಬರೆದದ್ದು ನೀವೇ. ಈಗ ಇಲ್ಲ ಅಂದ್ರೆ ಬರೋದು ನಿಮ್ಮ ತಲೆಗೇ. ಯೋಚನೆ ಮಾಡಿ.” ಫೋನು ಇಟ್ಟರು.

ಭಾವ ಬಾನೆಟ್ಟಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದರು. “ಯೋಚನೆ ಮಾಡ್ತೀಯಾ?”

“ಮೂರು ವರ್ಷ ಮಾಡದೇ ಇದ್ದದ್ದಕ್ಕೇ ಇಷ್ಟೆಲ್ಲ ಆಗಿದ್ದು, ಭಾವ.”

ಬ್ಯಾಗಿನಿಂದ ಮಾರ್ಕರ್ ತೆಗೆದು ಯಂತ್ರದ ಬಳಿ ಹೋದೆ. ಆಕೆ ರಟ್ಟಿಗೆ ಅಡ್ಡ ನಿಂತಳು. “ತೆಗೆಯೋಕೆ ಬಿಡಲ್ಲ.”

“ತೆಗೆಯಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ.”

ಆಕೆಯ ಎರಡು ಮಾತಿನ ಕೆಳಗೆ ಬರೆದೆ: ‘ಆರು ತಿಂಗಳ ಹಿಂದೆ, ಗನ್ ಹಾಕಿ ನೋಡದೆ, ಇದು ಚಾಲೂ ಇದೆ ಎಂದು ಬರೆದವಳು ನಾನು. ಇವತ್ತು ಹಾಕಿ ನೋಡಿದ್ದೇನೆ. ದೂರು ಕೊಟ್ಟವರು ಹೇಳಿದ್ದು ನಿಜ.’ ಸಹಿ, ನೌಕರಿ ಸಂಖ್ಯೆ, ತಾರೀಖು.

ಟೈ ಕಟ್ಟಿದವನು ಬಗ್ಗಿ ಓದಿದ. ನನ್ನನ್ನು ನೋಡಿದ. ಆಕೆಯ ಕಡೆ ತಿರುಗಿ ಒಂದು ಮಾತೂ ಆಡದೆ ಕಾರಿಗೆ ಹೋಗಿ ಕೂತ. ಇಂಥವರಿಗೆ ಬೈಯಲು ಮಾತ್ರ ನಾಲಿಗೆ ಇರುತ್ತದೆ.

ಫೋನೆತ್ತಿದೆ. ಆಕೆ ಕೇಳಿದಳು, “ಪಕ್ಕಕ್ಕೆ ಸರೀಬೇಕಾ?”

“ಬೇಡ. ಅಲ್ಲೇ ನಿಲ್ಲಿ.”

ಎರಡನೇ ಯಂತ್ರದ ಕಾಲಂನಲ್ಲಿ ‘ಕೆಟ್ಟಿದೆ’ ಎಂದು ಒತ್ತಿ, ಆಕೆಯೂ ರಟ್ಟೂ ಇದ್ದ ಫೋಟೋ ಸೇರಿಸಿ ಕಳಿಸಿಬಿಟ್ಟೆ. ಎರಡೇ ನಿಮಿಷಕ್ಕೆ ಮೇಲಧಿಕಾರಿಯ ಫೋನು ಬಡಿದುಕೊಳ್ಳತೊಡಗಿತು. ಬಡಿದುಕೊಳ್ಳಲಿ ಎಂದು ಬಿಟ್ಟೆ.

ಆಕೆ ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು? ರಟ್ಟನ್ನು ನೆಟ್ಟಗೆ ಮಾಡಿ, ದಾರ ಬಿಗಿದು, ಸಾಲಿನ ಬಾಲದ ಕಡೆ ಕೈ ತೋರಿಸಿದಳು.

“ಆರನೆಯವರು ನೀವು. ಮೂರು ಗಂಟೆ ಆಗುತ್ತೆ. ಹಾರ್ನ್ ಹೊಡೀಬೇಡಿ.”